ಕುಶನ್ ಅಕ್ಕನ ಅಳತೆ

ಕುಶನ್ ಅಕ್ಕ ಹೋದ ಸುದ್ದಿ ನನಗೆ ತಲುಪಿದ್ದು ಅವರದೇ ಫೋನಿನಿಂದ. ಒಂದು ಮಂಗಳವಾರ ಬೆಳಿಗ್ಗೆ ಅವರ ನಂಬರಿನಿಂದ ಕರೆ ಬಂತು. ಎತ್ತಿದರೆ ಮಗಳ ದನಿ. ಅಮ್ಮನ ಫೋನಿನಲ್ಲಿದ್ದವರಿಗೆಲ್ಲ ಅವಳು ಒಬ್ಬೊಬ್ಬರಾಗಿ ತಿಳಿಸುತ್ತಿದ್ದಳು. ಸುದ್ದಿ ಹೇಳುವ ಮೊದಲು ನಾನು ಯಾರೆಂದು ಖಚಿತ ಮಾಡಿಕೊಳ್ಳಬೇಕಿತ್ತು.

"ಆಂಟಿ, ನೀವು ಜೆ.ಪಿ. ನಗರ ಕುತ್ತಿಗೆ ಅಲ್ವಾ?" ಎಂದಳು.

ಆ ಫೋನಿನಲ್ಲಿ ಯಾರಿಗೂ ಹೆಸರಿರಲಿಲ್ಲವಂತೆ. ಬನಶಂಕರಿ ಸೊಂಟ, ಜಯನಗರ ಬಲಗೈ, ಕೋಣನಕುಂಟೆ ಎರಡೂ ಮಂಡಿ, ಹೀಗೇ ಸಾಲಾಗಿ ಇದ್ದವು. ಹುಡುಗಿ ಅಳುತ್ತಲೇ ನಾಲ್ಕಾರು ಓದಿದಳು. ಓದುತ್ತಾ ಓದುತ್ತಾ ಅವಳಿಗೆ ನಗು ಬಂತು, ನನಗೂ ಬಂತು. ಆಮೇಲೆ ವಿಷಯ ಹೇಳಿದಳು.

ಅವರ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಬರೆದರೂ ಗುರುತು ಹಿಡಿಯುವವರು ಕಡಿಮೆ. ಅರೆಕೆರೆಯ ಒಳರಸ್ತೆಯಲ್ಲಿ ಒಂದೇ ಷಟರಿನ ಅಂಗಡಿ ಅವರದು. ಸೀಟು ಹೊಲಿಸಲು ಬರುವ ಆಟೋದವರಿಂದ ಹಿಡಿದು ಹಳೆಯ ಕುರ್ಚಿ ಹೊತ್ತು ತರುವ ಕಂಪನಿಯವರ ತನಕ ಎಲ್ಲರಿಗೂ ಅವರು ಕುಶನ್ ಅಕ್ಕ.

ನಾನು ಅವರನ್ನು ಮೊದಲು ಕಂಡಾಗ ನನಗೆ ನಲವತ್ತೇಳು. ನನ್ನದು ಮನೆಯಲ್ಲೇ ಕೂತು ಮಾಡುವ ಅನುವಾದದ ಕೆಲಸ. ಬ್ಯಾಂಕಿನವರು ಕಳಿಸುವ ಮೆಸೇಜು, ಇನ್ಶೂರೆನ್ಸ್ ಫಾರಮ್ಮು, ಮಿಕ್ಸಿಯ ಡಬ್ಬದೊಳಗಿನ ಸೂಚನೆ, ಇಂಥವನ್ನು ಕನ್ನಡಕ್ಕೆ ತರುತ್ತೇನೆ. ಕೊರೊನಾ ಕಾಲದಲ್ಲಿ ಮನೆಗೆ ಬಂದ ಆಫೀಸು ಮರಳಿ ಹೋಗಲೇ ಇಲ್ಲ. ಊಟದ ಟೇಬಲ್ಲಿನ ಮರದ ಕುರ್ಚಿಯಲ್ಲಿ ಮೂರು ವರ್ಷ ಕಳೆದೆ. ಆಮೇಲೆ ಕುತ್ತಿಗೆ ಹಿಡಿಯಿತು. ಎಡಗೈಯ ಎರಡು ಬೆರಳು ಜುಮ್ಮೆನ್ನತೊಡಗಿದವು. ತಲೆ ಬಾಚಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಈ ವಯಸ್ಸಿಗೆ ಎಲ್ಲರಿಗೂ ಸವೆತ ಇರುತ್ತೆ ಎಂದರು. ನೋವಿಗಿಂತ ಆ ಮಾತು ಚುಚ್ಚಿತು.

ಮನೆಯವರು ಪಾಪ, ಹುಡುಕಿ ಹುಡುಕಿ ಒಂದು ದುಬಾರಿ ಕುರ್ಚಿ ತರಿಸಿದರು. ದೊಡ್ಡ ರಟ್ಟಿನ ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂತು. ಒಂದು ಭಾನುವಾರ ಪೂರ್ತಿ ನೆಲದ ಮೇಲೆ ಕೂತು ಅವರೇ ಜೋಡಿಸಿದರು. ತಾವು ಕೂತು, ಅತ್ತಿತ್ತ ತಿರುಗಿ, ಹಿಂದಕ್ಕೆ ವಾಲಿ ನೋಡಿ, "ಸಖತ್ತಾಗಿದೆ, ಕೂತ್ಕೊ" ಎಂದರು. ಮೂರು ವಾರ ಕೂತೆ. ಕುತ್ತಿಗೆ ನೋವು ಹೋಗಲಿಲ್ಲ, ಅದರ ಜೊತೆಗೆ ಕಾಲು ಮರಗಟ್ಟತೊಡಗಿತು. ಕೆಲಸ ಬಿಡುವುದೇ ಸರಿಯೇನೋ ಎಂದುಕೊಂಡೆ. ಹೀಗೆಂದು ಯಾರಿಗೂ ಹೇಳಲಿಲ್ಲ. ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದದ್ದನ್ನು ಕುತ್ತಿಗೆಯ ದೆಸೆಯಿಂದ ಬಿಡುತ್ತೇನೆ ಎನ್ನಲು ನಾಚಿಕೆ.

ಬನ್ನೇರುಘಟ್ಟ ರಸ್ತೆಯ ಒಂದು ಹಂಪಿನ ಮೇಲೆ ಆಟೋ ಹಾರಿದಾಗ ನಾನು ನರಳಿದ್ದನ್ನು ಕೇಳಿ ಡ್ರೈವರ್ ಹಿಂದಕ್ಕೆ ತಿರುಗಿದ. ಕಥೆ ಕೇಳಿದ. ನಮ್ಮ ಕುಶನ್ ಅಕ್ಕನ್ನ ಕರೀರಿ ಮೇಡಂ ಎಂದು ನಂಬರ್ ಕೊಟ್ಟ.

ಅವರು ಸ್ಕೂಟರಿನಲ್ಲಿ ಬಂದರು. ಐವತ್ತೈದರ ಆಸುಪಾಸು, ಸಣ್ಣ ಮೈಕಟ್ಟು, ಬಲಭುಜ ಎಡಕ್ಕಿಂತ ತುಸು ಕೆಳಗೆ. ಸೀರೆಯ ಮೇಲೆ ಗಂಡಸರ ಷರ್ಟು, ಅದರ ಜೇಬಿನಲ್ಲಿ ದರ್ಜಿಯ ಸೀಮೆಸುಣ್ಣ, ಕೊರಳಲ್ಲಿ ಟೇಪು. ಕುರ್ಚಿಯನ್ನು ತೋರಿಸಲು ಹೋದರೆ ಅದರ ಕಡೆ ತಿರುಗಿಯೂ ನೋಡಲಿಲ್ಲ. "ನಾನಿಲ್ಲ ಅಂದ್ಕೊಂಡು ನಿಮ್ಮ ಕೆಲ್ಸ ಮಾಡಿ" ಎಂದು ಅಡುಗೆಮನೆಯ ಬಾಗಿಲಿಗೆ ಹೆಗಲು ಕೊಟ್ಟು ನಿಂತರು. ಕಾಫಿ ಕೊಟ್ಟೆ, ನಿಂತೇ ಕುಡಿದರು. ಮೊದಲ ಹತ್ತು ನಿಮಿಷ ನಾನು ಫೋಟೊಗೆ ಕೂತವಳ ಹಾಗೆ ಬಿಗಿಯಾಗಿ ಕೂತಿದ್ದೆ. ಆಮೇಲೆ ಒಂದು ವಾಕ್ಯ ಸಿಕ್ಕಿಹಾಕಿಕೊಂಡಿತು, ಅವರನ್ನು ಮರೆತೆ. ಅವರು ಕಾಯುತ್ತಿದ್ದದ್ದು ಅದಕ್ಕೇ.

ಅರ್ಧ ಗಂಟೆಯ ಮೇಲೆ ಹತ್ತಿರ ಬಂದು, "ಈ ಕುರ್ಚಿ ನಿಮ್ದಲ್ಲ ಮೇಡಂ, ಯಜಮಾನ್ರದ್ದು" ಎಂದರು.

ನಿಜವಾಗಿತ್ತು. ಆರಡಿಯ ಮನುಷ್ಯ ತನ್ನ ಮೈಗೆ ಹೊಂದಿಸಿ ಬಿಟ್ಟಿದ್ದ ಕುರ್ಚಿಯಲ್ಲಿ ಐದಡಿಯ ನಾನು ಕೂತಿದ್ದೆ. ಕಾಲು ನೆಲ ಮುಟ್ಟುತ್ತಿರಲಿಲ್ಲ. ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತಿತ್ತು. ಬೆನ್ನಿಗೆಂದು ಇದ್ದ ಉಬ್ಬು ನನ್ನ ಭುಜದ ಮೂಳೆಯ ಹತ್ತಿರ ಇತ್ತು. ಮೂರು ವಾರ ಕೂತಿದ್ದರೂ ಇಷ್ಟು ನನಗೆ ಹೊಳೆದಿರಲಿಲ್ಲ. ಕುರ್ಚಿ ಒಳ್ಳೆಯದು, ನನ್ನ ಮೈಯೇ ಸರಿಯಿಲ್ಲ ಎಂದುಕೊಂಡಿದ್ದೆ.

ಆಮೇಲೆ ಅವರು ಟೇಪು ತೆಗೆದರು. ರವಿಕೆಗೆ ತೆಗೆದ ಹಾಗೇ ಅಳತೆ ತೆಗೆದರು, ಪಾದದಿಂದ ಮಂಡಿ, ಮಂಡಿಯಿಂದ ಬೆನ್ನು, ಸೀಟಿನಿಂದ ಮೊಣಕೈ. ಬರೆದುಕೊಳ್ಳಲಿಲ್ಲ. ಸೀಟನ್ನು ಹಿಂದಕ್ಕೆ ಸರಿಸಿ, ಅದರ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಮೂರು ಬೆರಳು ಹೋಗುವಂತೆ ಮಾಡಿದರು. ಬೆನ್ನಿನ ಉಬ್ಬು ಎಲ್ಲಿರಬೇಕು ಎಂದು ಕೇಳಿದ್ದಕ್ಕೆ, "ಮುಂದುಗಡೆ ನೆರಿಗೆ ಸಿಕ್ಕಿಸ್ತೀರಲ್ಲ, ಅದ್ರ ಸರಿಯಾಗಿ ಹಿಂದಕ್ಕೆ" ಎಂದರು. ಮಿಕ್ಸಿಯ ಸೂಚನೆಗಳನ್ನು ಇಷ್ಟು ವರ್ಷ ಅನುವಾದಿಸಿದ ನಾನು ಅಷ್ಟು ಸ್ಪಷ್ಟವಾದ ಒಂದು ಸೂಚನೆಯನ್ನು ಬರೆದಿದ್ದಿಲ್ಲ. ಸೀಟನ್ನು ಇಳಿಸಿದರೆ ಟೇಬಲ್ಲು ಎತ್ತರವಾಗುತ್ತಿತ್ತು. ಹಾಗಾಗಿ ಸೀಟನ್ನು ಟೇಬಲ್ಲಿಗೆ ಹೊಂದಿಸಿ, ಕಾಲಿಗೆ ಆಸರೆ ಕೊಟ್ಟರು. ಎರಡು ದಿನ ಬಿಟ್ಟು ತಂದ ಆ ಇಳಿಜಾರು ಹಲಗೆಗೆ ಯಾವುದೋ ಆಟೋದ ಉಳಿಕೆ ಕೆಂಪು ರೆಕ್ಸಿನ್ ಹೊದಿಸಿದ್ದರು.

ಕಾಲು ಸರಿಹೋಯಿತು. ಕುತ್ತಿಗೆ ಮಾತ್ರ ಹಾಗೇ ಇತ್ತು. ಮತ್ತೆ ಕರೆದೆ. ಮತ್ತೆ ಬಾಗಿಲಿಗೆ ಹೆಗಲು ಕೊಟ್ಟು ನಿಂತರು. ಈ ಸಲ ಹತ್ತೇ ನಿಮಿಷ. ನೋವು ಕುರ್ಚಿಯದ್ದಲ್ಲ, ಕನ್ನಡಕದ್ದು ಎಂದರು. ನಲವತ್ತು ದಾಟಿದ ಮೇಲೆ ನನಗೆ ಬಂದದ್ದು ಎರಡು ಪವರಿನ ಕನ್ನಡಕ. ಓದುವ ಭಾಗ ಕೆಳಗಿರುತ್ತದೆ. ಕಂಪ್ಯೂಟರನ್ನು ಪುಸ್ತಕಗಳ ಮೇಲೆ ಎತ್ತರಿಸಿ ಇಟ್ಟಿದ್ದೆ, ಎಲ್ಲರೂ ಹಾಗೇ ಇಡಬೇಕೆನ್ನುತ್ತಾರೆ ಎಂದು. ಅದನ್ನು ಓದಲು ದಿನವಿಡೀ ಗದ್ದ ಎತ್ತಿಕೊಂಡೇ ಕೂತಿರುತ್ತಿದ್ದೆ. ಅವರು ಪುಸ್ತಕಗಳನ್ನು ಒಂದೊಂದಾಗಿ ತೆಗೆದರು, ನನ್ನ ಗದ್ದ ಇಳಿಯುವ ತನಕ. ಒಂದು ತಿಂಗಳಿಗೆ ಬೆರಳುಗಳ ಜೋಮು ಹೋಯಿತು. ಕೆಲಸ ಉಳಿಯಿತು.

ಹೊಗಳಲು ಹೋದರೆ ಸಿಡುಕುತ್ತಿದ್ದರು. ಅವರ ಬಾಯಿ ಮೃದುವಲ್ಲ. ಎಷ್ಟು ಹೇಳಿದರೂ ಜಾರಿ ಕೂರುವ ಒಬ್ಬ ವಕೀಲರಿಗೆ, ನಿಮಗೆ ಕುರ್ಚಿ ಬೇಡ, ಮಂಚ ತಗೊಳ್ಳಿ ಎಂದು ಹೇಳಿ ಎದ್ದು ಬಂದಿದ್ದರಂತೆ. ನನ್ನ ಟೇಬಲ್ಲಿನ ಮೇಲಿದ್ದ ದೊಡ್ಡ ನೀರಿನ ಬಾಟಲಿಯನ್ನು ಅಡುಗೆಮನೆಗೆ ಒಯ್ದು, ಬದಲಿಗೆ ಒಂದು ಸಣ್ಣ ಲೋಟ ತಂದಿಟ್ಟವರೂ ಅವರೇ. ಖಾಲಿಯಾದಾಗಲೆಲ್ಲ ಏಳಲೇಬೇಕು. ಎಷ್ಟೇ ಒಳ್ಳೆಯ ಕುರ್ಚಿಯಾದರೂ ಗಂಟೆಗಟ್ಟಲೆ ಕೂತರೆ ಅದೂ ಬೆನ್ನು ತಿನ್ನುತ್ತದೆ ಎಂಬುದು ಅವರ ನಂಬಿಕೆ.

ಜಯನಗರದ ಒಂದು ದೊಡ್ಡ ಮನೆಯಲ್ಲಿ ಯಜಮಾನರ ಕುರ್ಚಿ ಸರಿಮಾಡಲು ಹೋದವರು, ಅಲ್ಲಿನ ಅಡುಗೆಯಾಕೆ ಎಲ್ಲಿ ಕೂತು ತರಕಾರಿ ಹೆಚ್ಚುತ್ತಾರೆ ಎಂದು ಕೇಳಿದರಂತೆ. ಆಕೆಗೆ ಅರವತ್ತು ದಾಟಿತ್ತು. ನೆಲದ ಮೇಲೆ ಕೂರಲು ಮಂಡಿ ಬಿಡದೆ ನಿಂತೇ ಮಾಡುತ್ತಿದ್ದರು. ಮರುದಿನ ಕುಶನ್ ಅಕ್ಕ ಆಕೆಯ ಎತ್ತರಕ್ಕೆ ಒಂದು ಸ್ಟೂಲು ಮಾಡಿ ತಂದು ಅಡುಗೆಮನೆಯಲ್ಲಿಟ್ಟು ಬಂದರು. ಮನೆಯೊಡತಿಗೆ ಸಿಟ್ಟು ಬಂತು, ಮತ್ತೆಂದೂ ಕರೆಯಲಿಲ್ಲ. ಇದನ್ನು ಹೇಳುವಾಗ ಅವರಿಗೆ ಬೇಸರವಿರಲಿಲ್ಲ. ಸ್ಟೂಲನ್ನು ಅಲ್ಲೇ ಇಟ್ಟುಕೊಂಡರೋ ಇಲ್ಲವೋ ಎಂಬುದೊಂದೇ ಯೋಚನೆ.

ಅವರ ಹಿಂದಿನ ಬದುಕು ನನಗೆ ತಿಳಿದದ್ದು ತುಂಡುತುಂಡಾಗಿ. ಮಾಗಡಿ ಕಡೆಯ ಹುಡುಗಿ, ಮದುವೆಯಾಗಿ ಅರೆಕೆರೆಗೆ ಬಂದವರು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷ ಷರ್ಟಿಗೆ ಕಾಲರ್ ಕೂರಿಸಿದರು. ಒರಗಲು ಏನೂ ಇಲ್ಲದ ಕಬ್ಬಿಣದ ಸ್ಟೂಲು. ಕೊನೆಗೆ ಬೆನ್ನಿನ ಡಿಸ್ಕ್ ಸರಿದು ಆಪರೇಷನ್ ಆಯಿತು. ಇನ್ನು ಸ್ಟೂಲಿನ ಮೇಲೆ ಕೂರಬಾರದು ಎಂದು ಡಾಕ್ಟರು ಹೇಳಿದರು. ಗಂಡನದು ಆಟೋ ಸೀಟಿನ ಅಂಗಡಿ. ಆತ ಹಠಾತ್ತಾಗಿ ತೀರಿಕೊಂಡಾಗ ಎತ್ತರದ ಮೇಜೊಂದನ್ನು ಮಾಡಿಸಿಕೊಂಡು ನಿಂತು ಹೊಲಿಯಲು ಕಲಿತರು. ಕಂಪನಿಗಳು ಬಿಸಾಡುವ ಕುರ್ಚಿಗಳನ್ನು ಬಿಚ್ಚಿ ಬಿಚ್ಚಿ, ಯಾವ ಲಿವರ್ ಯಾಕಿದೆ ಎಂದು ತಾವೇ ತಿಳಿದುಕೊಂಡರು.

ಎರಡನೆಯ ವರ್ಷ ಒಂದು ಮಧ್ಯಾಹ್ನ ಅವರೇ ಫೋನು ಮಾಡಿ, ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಡಬೇಕು ಎಂದರು. ತಾವು ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸಿನ ಮ್ಯಾನೇಜರಿಗೆ. ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದ ಗೆಳತಿ ಗೌರಮ್ಮ ಇನ್ನೂ ಅಲ್ಲೇ ಇದ್ದರು, ಅದೇ ಸ್ಟೂಲಿನ ಮೇಲೆ. ಹಿಂದಿನ ವಾರ ಆಕೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ನಿಂತದ್ದನ್ನು ಕುಶನ್ ಅಕ್ಕ ಕಂಡಿದ್ದರು. ಬಿಸಾಡಿದ ಆಫೀಸ್ ಕುರ್ಚಿಗಳ ಬೆನ್ನುಗಳನ್ನು ಬಿಚ್ಚಿ, ಸ್ಟೂಲಿಗೆ ಕಚ್ಚಿಸುವ ಹಾಗೆ ಒರಗುಗಳನ್ನು ಮಾಡಿದ್ದರು. ಒಂದು ಲೈನಿಗೆ, ಅಂದರೆ ಒಂದು ಸಾಲಿನ ಮೆಷಿನ್ನುಗಳಿಗೆ, ಆಗುವಷ್ಟು. ಅವನ್ನು ಹಾಕಿಕೊಳ್ಳಲು ಅನುಮತಿ ಬೇಕಿತ್ತು.

ನಾನು ಉತ್ಸಾಹದಿಂದ ಒಂದು ಪುಟ ಬರೆದೆ. ಪ್ರೊಡಕ್ಟಿವಿಟಿ, ವೆಲ್‌ನೆಸ್, ಬೆಸ್ಟ್ ಪ್ರಾಕ್ಟೀಸ್, ನನಗೆ ಗೊತ್ತಿದ್ದ ಎಲ್ಲ ಮಾತೂ ಬಂತು. ಕನ್ನಡದಲ್ಲಿ ಅದರ ಅರ್ಥ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅವರು ಒಂದೇ ಮಾತು ಹೇಳಿದರು.

"ಇದ್ರಲ್ಲಿ ಬೆನ್ನು ಅನ್ನೋದೇ ಇಲ್ವಲ್ಲ ಮೇಡಂ."

ಹರಿದು ಹೊಸದಾಗಿ ಬರೆದೆ. ಎಂಟು ಸಾಲು. ಮೂರನೆಯ ಸಾಲಿನಲ್ಲಿ ಬೆನ್ನು ಬಂತು.

ಕಾಗದ ಹಿಡಿದು ಇಬ್ಬರೂ ಬೊಮ್ಮನಹಳ್ಳಿಗೆ ಹೋದೆವು. ಗೇಟಿನಲ್ಲಿ ಬಹಳ ಹೊತ್ತು ಕಾಯಿಸಿದರು. ಕೊನೆಗೆ ಎಚ್.ಆರ್.ನ ಹೆಣ್ಣುಮಗಳೊಬ್ಬಳು ಬಂದು ಒಳಗೆ ಕರೆದುಕೊಂಡು ಹೋದಳು. ಮ್ಯಾನೇಜರು ಕಾಗದ ಓದಿ, ಒರಗಿ ಕೂತರೆ ನಿದ್ದೆ ಬರುತ್ತೆ, ಕೈ ನಿಧಾನ ಆಗುತ್ತೆ ಎಂದರು. ತಾವು ಒರಗಿಯೇ ಕೂತಿದ್ದರು. ಕುಶನ್ ಅಕ್ಕ ಏನಾದರೂ ಅಂದುಬಿಡುತ್ತಾರೆ ಎಂದು ನನಗೆ ಹೆದರಿಕೆ. ಅನ್ನಲಿಲ್ಲ. ಒಂದು ವಾರ ಹಾಕಿ ನೋಡಿ ಸಾರ್, ದಿನಕ್ಕೆ ಹೊಲಿದ ಪೀಸು ಎಷ್ಟು ಅಂತ ನೀವೇ ಎಣಿಸಿ ಎಂದರು. ನುಂಗಿಕೊಂಡಿದ್ದನ್ನೆಲ್ಲ ವಾಪಸ್ ಬರುವಾಗ ಆಟೋದಲ್ಲಿ ಅಂದರು.

ಒಂದು ವಾರಕ್ಕೆ ಒಪ್ಪಿಗೆ ಸಿಕ್ಕಿತು. ನಾಲ್ಕನೆಯ ದಿನ ಗೌರಮ್ಮನ ಫೋನು ಬಂತು. ಪೀಸು ಕಡಿಮೆಯಾಗಿದೆ, ಸೂಪರ್‌ವೈಸರ್ ಒರಗುಗಳನ್ನೆಲ್ಲ ಬಿಚ್ಚಿಸಿ ಮೆಷಿನ್ ಸಾಲುಗಳ ನಡುವಿನ ಓಣಿಯಲ್ಲಿ ರಾಶಿ ಹಾಕಿಸಿದ್ದಾರೆ. ನನಗೆ ಸಿಟ್ಟು ಬಂತು, ಲೆಕ್ಕದಲ್ಲಿ ಮೋಸ ಮಾಡಿದ್ದಾರೆ ಎಂದೆ. ಕುಶನ್ ಅಕ್ಕ ಹಾಗನ್ನಲಿಲ್ಲ. ಹೋಗಿ ನೋಡೋಣ ಎಂದರು.

ಹೋದದ್ದು ಊಟದ ಬಿಡುವಿನಲ್ಲಿ. ಎಚ್.ಆರ್.ನ ಹುಡುಗಿ ಒಳಗೆ ಬಿಟ್ಟಳು. ಕುಶನ್ ಅಕ್ಕ ನೇರ ಗೌರಮ್ಮನ ಮೆಷಿನ್ನಿಗೆ ಹೋಗಿ, ಸ್ಟೂಲಿಗೆ ಒರಗನ್ನು ಮತ್ತೆ ಕಚ್ಚಿಸಿ, ಅದರ ಮೇಲೆ ಕೂತರು. ಗೌರಮ್ಮ ಕೈ ಹಿಡಿದು ಎಳೆದರು. ಬೇಡ ಕಣೇ, ಡಾಕ್ಟ್ರು ಏನಂದಿದ್ರು ಎಂದರು. ಅವರು ಕೇಳಿಸಿಕೊಳ್ಳಲಿಲ್ಲ. ಪೆಡಲಿನ ಮೇಲೆ ಕಾಲಿಟ್ಟು ಒಂದು ಕಾಲರ್ ಎತ್ತಿಕೊಂಡರು. ಆ ಕೈಗಳಿಗೆ ಏನೂ ಮರೆತಿರಲಿಲ್ಲ. ಒಂದರ ಹಿಂದೆ ಒಂದು ಹೊಲಿದರು. ಬಿಡುವು ಮುಗಿಯಿತು, ಲೈನು ಶುರುವಾಯಿತು. ಅವರು ಏಳಲಿಲ್ಲ. ಗೌರಮ್ಮ ಪಕ್ಕದಲ್ಲಿ ನಿಂತು ಹೊಲಿದದ್ದನ್ನು ತೆಗೆದುಕೊಡುತ್ತಾ ಹೋದರು. ನಾನು ನೋಡುತ್ತಿದ್ದೆ. ಅಷ್ಟು ಹೊತ್ತಿನಲ್ಲಿ ಒಂದೇ ಒಂದು ಸಲವೂ ಅವರ ಬೆನ್ನು ಒರಗಿಗೆ ತಾಗಲಿಲ್ಲ.

ಎದ್ದಾಗ ಮುಖ ಬೆವೆತಿತ್ತು. ಬೆವರಷ್ಟೇ ಅಲ್ಲ.

"ಹದಿನಾಲ್ಕು ವರ್ಷ ಇಲ್ಲೇ ಕೂತಿದ್ದೆ ಮೇಡಂ. ದೊಡ್ಡೋರ ಕುರ್ಚಿ ಸರಿ ಮಾಡಿ ಮಾಡಿ ನಂಗೇ ಮರ್ತೋಗಿತ್ತು. ಇಲ್ಲಿ ಯಾರೂ ಹಿಂದಕ್ಕೆ ಒರಗಲ್ಲ. ಸೂಜಿ ಮುಂದಿರುತ್ತೆ, ಬಗ್ಗೇ ಕೂರ್ಬೇಕು, ಒರಗೋಕ್ ಹೋದ್ರೆ ಕೈ ನಿಧಾನ ಆಗುತ್ತೆ. ಬೆನ್ನು ಒರಗಿನ ಹತ್ರ ಬರಲ್ಲ. ಒರಗೇ ಬೆನ್ನಿನ ಹಿಂದೆ ಹೋಗ್ಬೇಕು."

ನನ್ನ ಮನೆಯ ಬಾಗಿಲಿನಲ್ಲಿ ಅರ್ಧ ಗಂಟೆ ನಿಂತು ನೋಡಿದವರು, ತಮ್ಮ ಗೆಳತಿಯರು ಕೂರುವುದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಗೊತ್ತಿದೆ ಅಂದುಕೊಂಡಿದ್ದರು. ಅದನ್ನು ಅವರು ತಮಗೆ ತಾವು ಸುಲಭವಾಗಿ ಕ್ಷಮಿಸಿಕೊಂಡಂತೆ ಕಾಣಲಿಲ್ಲ.  ಮನೆಗೆ ಹೋಗಿ, ಬೆನ್ನು ಹಿಡಿದು ಹತ್ತು ದಿನ ಮಲಗಿದರು. ನೋಡಲು ಹೋದಾಗ ಮಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕಾಗದ ಬರೆದುಕೊಟ್ಟು ಅಮ್ಮನನ್ನು ಹುರಿದುಂಬಿಸಿದವಳು ನಾನೇ ಎಂದು ಅವಳ ಸಿಟ್ಟು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಎದ್ದ ಮೇಲೆ ಅವರು ಮಾಡಿದ್ದು ಬೇರೆಯೇ ವಸ್ತು. ಅಂಗೈಯಗಲದ ಒಂದು ಮೆತ್ತೆ, ಅದರ ಹಿಂದೆ ಸ್ಪ್ರಿಂಗು. ಸೊಂಟ ಮುಂದೆ ಬಾಗಿದರೆ ಅದೂ ಜೊತೆಗೇ ಮುಂದೆ ಬರುತ್ತಿತ್ತು. ಸ್ಟೂಲಿನ ಮೇಲೆ ಮುಂದಕ್ಕೆ ಇಳಿಜಾರಾದ ಒಂದು ದಿಂಬು. ಈ ಸಲ ಪ್ರತಿಯೊಬ್ಬಳನ್ನೂ ಬೇರೆಬೇರೆಯಾಗಿ ಅಳೆದರು. ಶಿಫ್ಟ್ ಬಿಟ್ಟ ಮೇಲೆ ಗೌರಮ್ಮ ಇಬ್ಬಿಬ್ಬರನ್ನು ಅಂಗಡಿಗೆ ಕರೆತರುತ್ತಿದ್ದರು. ಅಲ್ಲಿ ಒಂದು ಹಳೆಯ ಮೆಷಿನ್ನಿನ ಮುಂದೆ ಅವರನ್ನು ಕೂರಿಸಿ, ಹೊಲಿಯಲು ಹೇಳಿ, ಹಿಂದೆ ನಿಂತು ನೋಡುತ್ತಿದ್ದರು.

ಮ್ಯಾನೇಜರು ಎರಡನೆಯ ಸಲ ಒಪ್ಪಲಿಲ್ಲ. ಎಚ್.ಆರ್.ನ ಹುಡುಗಿ, ನಾನು ಅನುಮತಿ ಬರೆದುಕೊಡೋಕಾಗಲ್ಲ, ಆದ್ರೆ ನಾನೇನೂ ನೋಡಿಲ್ಲ ಎಂದಳಂತೆ. ಊಟದ ಬ್ಯಾಗಿನಲ್ಲಿ ದಿನಕ್ಕೆ ಎರಡೆರಡು ಒಳಗೆ ಹೋದವು. ಎರಡು ತಿಂಗಳ ಮೇಲೆ ಮ್ಯಾನೇಜರು ಲೈನಿನಲ್ಲಿ ನಡೆದುಹೋಗುವಾಗ ಮೆತ್ತೆಗಳನ್ನು ಕಂಡರು, ನಿಂತರು. ಅಷ್ಟರಲ್ಲಿ ಪೀಸು ಎಂದಿನಷ್ಟೇ ಬರುತ್ತಿತ್ತು. ಮುಂದೆ ಹೋದರು. ಬೇರೆ ಲೈನುಗಳಿಗೆ ಹಾಕಿಸಲೂ ಇಲ್ಲ, ಇದನ್ನು ತೆಗೆಸಲೂ ಇಲ್ಲ. ಇಷ್ಟೇ ಆದದ್ದು. ನಾನು ಇದನ್ನು ದೊಡ್ಡ ಗೆಲುವೆಂಬಂತೆ ಹೇಳಿದಾಗ, ಒಂದು ಲೈನು ಮೇಡಂ, ಒಂದೇ ಲೈನು ಎಂದಿದ್ದರು.

ಕಳೆದ ವರ್ಷ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ಬೆನ್ನು ನೋವೆಂದು ಬಹಳ ದಿನ ತಳ್ಳಿದ್ದರು. ನೋವು ಯಾವುದರದ್ದು ಎಂದು ಊರಿಗೆಲ್ಲ ಹೇಳಿದವರು ತಮ್ಮದನ್ನು ತಪ್ಪಾಗಿ ತಿಳಿದಿದ್ದರು. ಆಸ್ಪತ್ರೆಗೆ ನಾನು ಹೋದದ್ದು ಒಂದೇ ಸಲ. ಬಹಳ ಇಳಿದಿದ್ದರು. ಮಾತಿಗೆ ಮೊದಲು ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಫೋನು ನೋಡುವುದು ಹೇಗೆ ತೋರಿಸಿ ಎಂದರು. ತೋರಿಸಿದೆ. ಕೈ ಇನ್ನೂ ಸ್ವಲ್ಪ ಮೇಲೆ ಎಂದರು. ಮತ್ತೆ ಹೋಗಬೇಕು ಎಂದುಕೊಂಡಿದ್ದೆ. ಒಂದು ದೊಡ್ಡ ಕೆಲಸ ಬಂತು, ವಾರಗಳು ಉರುಳಿದವು.

ಹನ್ನೊಂದನೆಯ ದಿನಕ್ಕೆ ಅರೆಕೆರೆಗೆ ಹೋದೆ. ಷಾಮಿಯಾನದ ಕೆಳಗೆ ಗೌರಮ್ಮ ಸಿಕ್ಕರು. ಊಟವಾದ ಮೇಲೆ ಪಕ್ಕಕ್ಕೆ ಕರೆದು, ನನಗೆ ಗೊತ್ತಿರದ ಒಂದು ಸಂಗತಿ ಹೇಳಿದರು. ಎರಡು ತಿಂಗಳ ಹಿಂದೆ ಕಂಪನಿಯವರು ಅವರ ಲೈನನ್ನೇ ಮುಚ್ಚಿದ್ದರು. ಮೆಷಿನ್ನುಗಳು ಬೇರೆ ಊರಿನ ಯೂನಿಟ್ಟಿಗೆ ಹೋದವು. ಕೆಲವರನ್ನು ಬೇರೆ ಲೈನಿಗೆ ಹಾಕಿದರು, ಕೆಲವರು ಮನೆಗೆ ಹೋದರು. ಕೊನೆಯ ದಿನ ಎಲ್ಲರೂ ತಮ್ಮ ತಮ್ಮ ಮೆತ್ತೆಗಳನ್ನು ಬಿಚ್ಚಿಕೊಂಡು ಹೊರಟಿದ್ದರು. ಗೇಟಿನಲ್ಲಿ ತಡೆದರು. ಇದು ಕಂಪನಿಯದಲ್ಲ, ಹೊರಗಿಂದ ನಾವೇ ತಂದದ್ದು ಎಂದು ಗೌರಮ್ಮ ವಾದ ಮಾಡಿದರು. ಕೊನೆಗೆ ಎಚ್.ಆರ್.ನ ಹುಡುಗಿಯೇ ಬಂದು ಬಿಡಿಸಿದಳಂತೆ. ಮರುದಿನ ಗೌರಮ್ಮ ಆಸ್ಪತ್ರೆಗೆ ಹೋಗಿ ಇದನ್ನು ಹೇಳಿದರು. ಲೈನು ಹೋಯಿತು ಎಂದು ಕೇಳಿದರೆ ನೊಂದುಕೊಳ್ಳುತ್ತಾರೇನೋ ಎಂದು ಹೆದರಿಯೇ ಹೇಳಿದರು.

ಏನಂದರು ಎಂದು ಕೇಳಿದೆ.

"ಕಣ್ಣು ಮುಚ್ಕೊಂಡೇ ಕೇಳುದ್ಲು, ಯಾರ್ದು ಯಾರಿಗೆ ಅಂತ ನೋಡ್ಕೊಂಡ್ ತಗೊಂಡ್ರಾ, ಇಲ್ಲ ಕಲಸಿಬಿಟ್ರಾ ಅಂತ. ಇಲ್ಲ ಕಣೇ, ಎಲ್ಲ ಗೋಡೆಗೆ ಆನಿಸಿಟ್ಟು, ಒಬ್ಬೊಬ್ರೇ ಬೆನ್ನು ಕೊಟ್ಟು ನೋಡಿ, ನಂದಿದು ಅಂತ ಗೊತ್ತಾದ್ಮೇಲೇ ತಗೊಂಡ್ವಿ ಅಂದೆ. ಸುಮ್ನೆ ಹೇಳ್ಲಿಲ್ಲ ಮೇಡಂ, ಹಂಗೇ ಮಾಡಿದ್ವಿ. ಅಷ್ಟು ಹೇಳಿದ್ಮೇಲೆ ನಿದ್ದೆ ಹೋದ್ಲು."